ಒಂದೂವರೆ ಸೀಟಿ

ಎಲ್ಲಿಯಾದರೂ ಸೀಟಿ ಕೇಳಿಸಿದರೆ ನಾನು ಎಣಿಸಲು ಶುರು ಮಾಡುತ್ತೇನೆ. ಬಸ್ಸಿನದೇ ಆಗಬೇಕೆಂದಿಲ್ಲ, ಆಟದ ಮೈದಾನದ್ದಾಗಲಿ, ಪೋಲೀಸರದ್ದಾಗಲಿ, ಅಡುಗೆಮನೆಯ ಕುಕ್ಕರಿನದ್ದಾಗಲಿ, ಊದಿದ್ದು ಒಂದೋ ಎರಡೋ ಎಂದು ಇತ್ಯರ್ಥವಾಗುವವರೆಗೆ ಕೈಯಲ್ಲಿದ್ದ ಕೆಲಸ ಮುಂದೆ ಸಾಗುವುದಿಲ್ಲ. ನನ್ನ ಹೆಂಡತಿ ಈ ಚಟವನ್ನು ತನ್ನ ಅನುಕೂಲಕ್ಕೆ ಬಳಸಿಕೊಳ್ಳಲು ನೋಡಿ ಸೋತಿದ್ದಾಳೆ. ಬೇಳೆ ಇಟ್ಟು ಹಿತ್ತಲಿಗೆ ಹೋಗಿ ಬಂದು, "ಎಷ್ಟ್ ಸೀಟಿ ಆದ್ವುರೀ?" ಎಂದು ಕೇಳುತ್ತಾಳೆ. ನಾನು ಕಣ್ಣು ಮುಚ್ಚಿ ನೆನಪಿಸಿಕೊಂಡು, "ಎರಡಂತೂ ಖರೇ. ಆದರ ಆಮ್ಯಾಲೆ ಬಂದದ್ದು ಮೂರನೇ ಸೀಟಿನೋ, ಎರಡನೇದರ ಬಾಲನೋ ಗೊತ್ತಾಗವಲ್ದು" ಎನ್ನುತ್ತೇನೆ. "ನಿಮ್ಮನ್ನ ಕೇಳಿದ್ದು ನಂದ ತಪ್ಪು" ಎಂದು ಅವಳು ಒಲೆ ಆರಿಸುತ್ತಾಳೆ. ನಮ್ಮ ಮನೆಯ ಬೇಳೆ ಒಂದು ದಿನ ಗಂಜಿ, ಒಂದು ದಿನ ಕಾಳು.

ಈ ಗೊಂದಲ ನನಗೆ ಅಂಟಿಕೊಂಡದ್ದು ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ, ತೊಂಬತ್ತರ ದಶಕದ ನಡುವಿನ ಒಂದು ಬೆಳಿಗ್ಗೆ. ಆಗ ನನ್ನ ಮನೆ ಸಿಂಧನೂರಿನಲ್ಲಿತ್ತು, ನೌಕರಿ ಲಿಂಗಸುಗೂರಿನ ಕಾಲೇಜಿನಲ್ಲಿ. ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗಿ, ಸಂಜೆ ಅದೇ ದಾರಿಯಲ್ಲಿ ಮರಳುವುದು. ಆ ಬಸ್ಸಿನ ಕಂಡಕ್ಟರ್ ಬೇರೆ ಯಾರೂ ಅಲ್ಲ, ನನ್ನ ಅಕ್ಕ ನೀಲಮ್ಮನ ಗಂಡ ಅಮರೇಶಪ್ಪ. ಗುರುಗುಂಟಾದವರು, ಸಿಂಧನೂರಿನಲ್ಲಿ ನಮ್ಮ ಓಣಿಯ ಹಿಂದಿನ ಓಣಿಯಲ್ಲೇ ಮನೆ ಮಾಡಿದ್ದರು. ನನಗೆ ಮಾಮಾ. ಬಸ್ಸಿನೊಳಗೆ ಮಾತ್ರ ಈ ಸಂಬಂಧ ನಡೆಯುತ್ತಿರಲಿಲ್ಲ. ಎಲ್ಲರಿಗಿಂತ ಮೊದಲು, ಎಲ್ಲರಿಗೂ ಕೇಳಿಸುವಂತೆ, "ಮಾಸ್ತರ, ಟಿಕೇಟ್ ತಗೋರಿ" ಎಂದು ನನ್ನ ಮುಂದೆ ಬಂದು ನಿಲ್ಲುತ್ತಿದ್ದರು.

ನಿಲ್ಲುತ್ತಿದ್ದರು ಎಂದೆ. ಅವರು ನಿಲ್ಲುವುದನ್ನು ನೋಡಬೇಕಿತ್ತು. ಆ ರಸ್ತೆಯ ತಗ್ಗುಗಳಲ್ಲಿ ಕೂತವರೇ ಸೀಟು ಬಿಟ್ಟು ಮೇಲೇಳುತ್ತಿದ್ದರು. ಮಾಮಾ ಮಾತ್ರ ಒಂದು ಕೈಯಲ್ಲಿ ಟಿಕೇಟಿನ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಪೆನ್ಸಿಲ್, ಹಲ್ಲಿನ ನಡುವೆ ಸೀಟಿ ಇಟ್ಟುಕೊಂಡು, ಏನನ್ನೂ ಹಿಡಿಯದೆ ನಡುದಾರಿಯಲ್ಲಿ ಸಂತೆಗೆ ಹೊರಟವರಂತೆ ಅಡ್ಡಾಡುತ್ತಿದ್ದರು. ನಾನಾದರೋ ಅದೇ ದಿನ ಕಾಲೇಜಿಗೆ ಹೋಗಿ ಕರಿಹಲಗೆಯ ಮೇಲೆ ಸಮತೋಲದ ಪಾಠ ಬರೆಯುವವನು. ಗುರುತ್ವ ಕೇಂದ್ರದಿಂದ ಇಳಿಸಿದ ಗೆರೆ ವಸ್ತುವಿನ ತಳದೊಳಗೆ ಬೀಳುವವರೆಗೆ ವಸ್ತು ಉರುಳುವುದಿಲ್ಲ ಎಂದು ವರ್ಷಾನುಗಟ್ಟಲೆ ಹೇಳಿದ್ದೇನೆ. ಬಸ್ಸಿನಲ್ಲಿ ನನ್ನ ಗೆರೆ ನನ್ನ ತಳದೊಳಗೆ ಬೀಳುವುದು ಹೋಗಲಿ, ಎರಡು ಸೀಟು ಆಚೆ ಕುಳಿತವರ ಮಡಿಲಲ್ಲಿ ಬೀಳುತ್ತಿತ್ತು.

ಆ ಬೆಳಿಗ್ಗೆ ಮಸ್ಕಿಯಲ್ಲಿ ಒಬ್ಬ ಹಿರಿಯರು ಮಗಳ ಊರಿಗೆ ಒಯ್ಯಲೆಂದು ಬಣ್ಣದ ತೊಟ್ಟಿಲೊಂದನ್ನು ಬಸ್ಸಿನ ಮೇಲೆ ಏರಿಸಿದ್ದರು. ಹಗ್ಗ ಸಡಿಲವಾಗಿತ್ತು. ಮಾಮಾ ಅದನ್ನು ನೋಡಲು ಹಿಂದಿನ ಕಬ್ಬಿಣದ ಏಣಿ ಹತ್ತಿದರು. ನಾನು ಕಾಲು ಸಡಿಲಿಸಲೆಂದು ಕೆಳಗಿಳಿದು ಬಸ್ಸಿನ ಹಿಂದೆಯೇ ನಿಂತಿದ್ದೆ. ಮಾಮಾ ಅರ್ಧ ಏಣಿಯಲ್ಲಿ ನಿಂತು, ಗಂಟು ಕಾಣಲೆಂದು ಕತ್ತು ಹಿಂದಕ್ಕೆ ಎತ್ತಿ ಮೇಲೆ ನೋಡಿದರು. ನೋಡಿದವರು ಹಾಗೆಯೇ ಏಣಿಯನ್ನು ಎರಡೂ ತೋಳಿನಿಂದ ತಬ್ಬಿಕೊಂಡರು. ಅವರೇ ಆಮೇಲೆ ಹೇಳಿದ್ದು: ಬಸ್ಸು ನಿಂತಲ್ಲೇ ಗರಗರ ಸುತ್ತಲು ಹತ್ತಿತಂತೆ. ಡ್ರೈವರ್ ಹುಸೇನಸಾಬರು, ಕಂಡಕ್ಟರ್ ಏಣಿಯ ಮೇಲಿರುವುದನ್ನು ನೋಡದೆ, ಗಾಡಿ ತಿರುಗಿಸುತ್ತಿದ್ದಾರೆ ಎಂದು ಅವರಿಗೆ ಅನ್ನಿಸಿದೆ. ನಿಲ್ಲಿಸಬೇಕಲ್ಲ? ಬಾಯಲ್ಲಿ ಸೀಟಿ ಇದ್ದೇ ಇತ್ತು. ಊದಿದರು.

ನಮ್ಮ ಬಸ್ಸುಗಳಲ್ಲಿ ಒಂದು ಸೀಟಿ ಎಂದರೆ ನಿಲ್ಲು, ಎರಡು ಎಂದರೆ ಹೊರಡು. ಅಲ್ಲಿಯವರೆಗೆ ಕಲ್ಲಿನಂತೆ ನಿಂತಿದ್ದ ಬಸ್ಸು, ನಿಲ್ಲಿಸಲೆಂದು ಊದಿದ ಆ ಸೀಟಿ ಕೇಳಿ ಹೊರಟಿತು.

ಮುಂದಿನದು ಎಷ್ಟು ಹೊತ್ತು ನಡೆಯಿತೋ ನನಗೆ ಗೊತ್ತಿಲ್ಲ. ಮಾಮಾರ ಕಾಲು ಏಣಿಯ ಮೆಟ್ಟಿಲಿನಿಂದ ಜಾರಿತು. ಟಿಕೇಟಿನ ಪೆಟ್ಟಿಗೆ ಅವರ ಕಂಕುಳಿನಿಂದ ಬಿದ್ದು, ಬಣ್ಣಬಣ್ಣದ ಟಿಕೇಟುಗಳು ಮಣ್ಣಿನಲ್ಲಿ ಹರಡಿದವು. ನಾನು ಎರಡೂ ಕೈ ಮೇಲೆತ್ತಿ ಬಸ್ಸಿನ ಹಿಂದೆ ಓಡುತ್ತಾ "ಹೋಲ್ಡಾನ್! ಹೋಲ್ಡಾನ್!" ಎಂದು ಕೂಗಿದೆ. ಕಂಡಕ್ಟರುಗಳು ಗಾಡಿ ನಿಲ್ಲಿಸಲು ಕೂಗುವ ಆ ಮಾತು ಅವತ್ತು ಇಬ್ಬರಿಗೂ ಸಲ್ಲುತ್ತಿತ್ತು: ಡ್ರೈವರಿಗೆ ನಿಲ್ಲಿಸು ಎಂದು, ಏಣಿಗೆ ಜೋತವರಿಗೆ ಬಿಡಬೇಡ ಎಂದು. ಒಳಗಿದ್ದವರು ತಗಡು ಬಡಿದರು. ಬಸ್ಸು ನಿಂತಿತು. ಮಾಮಾ ತೋಳು ಸಡಿಲಿಸಿ ನನ್ನ ಮೇಲೆ ಜಾರಿದರು. ಇಬ್ಬರೂ ನೆಲಕ್ಕೆ ಕುಂತೆವು. ತಿರುಗಿ ನೋಡಿದರೆ, ಸ್ಟ್ಯಾಂಡಿನೊಳಕ್ಕೆ ಹೊರಳುತ್ತಿದ್ದ ಭತ್ತದ ಲಾರಿಯೊಂದು ನನ್ನ ಬೆನ್ನಿಗೆ ಮೊಳದಷ್ಟು ದೂರದಲ್ಲಿ ಬ್ರೇಕು ಹಾಕಿ ನಿಂತಿತ್ತು. ಅದು ಬಂದದ್ದು ನನಗೆ ಕೇಳಿಸಿರಲೇ ಇಲ್ಲ.

ಮಂದಿ ನೆರೆದರು. ಹುಸೇನಸಾಬರು ಇಳಿದು ಓಡಿಬಂದರು. ತೊಟ್ಟಿಲಿನ ಹಿರಿಯರು ಎಲ್ಲರನ್ನೂ ಸರಿಸಿ ಮುಂದೆ ಬಂದು, "ತೊಟ್ಟಲಕ್ಕೇನೂ ಆಗಿಲ್ಲಲ್ರೀ?" ಎಂದು ಕೇಳಿದರು.

"ತೊಟ್ಟಲ ಅಲ್ಲೇ ಐತಿ, ಕಂಡಕ್ಟರ್ ಬಿದ್ದಾನ" ಎಂದು ಯಾರೋ ಅಂದರು.

ಮಾಮಾ ನೆಲ ಹಿಡಿದುಕೊಂಡೇ ಹುಸೇನಸಾಬರನ್ನು ನೋಡಿ, "ನಿಂದ್ರಸು ಅಂತ ಊದಿದ್ರ ಗಾಡಿ ಬಿಡ್ತೀಯೇನೋ?" ಎಂದರು.

"ಎರಡ ಊದೀದಿ ದೋಸ್ತ. ರೈಟ್ ಅಂದ್ರ ನಾ ಬಿಡ್ತೀನಿ."

"ಒಂದ."

"ಅಲ್ಲಾನ ಆಣಿ, ಎರಡ."

ಬಸ್ಸಿನೊಳಗಿದ್ದವರಲ್ಲಿ ಅರ್ಧ ಮಂದಿ ಒಂದು ಎಂದರು, ಅರ್ಧ ಮಂದಿ ಎರಡು. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು. ಏಣಿಯ ಕೆಳಗೇ ನಿಂತಿದ್ದವನು ನಾನು, ಮೇಲಾಗಿ ಕಲಿತವನು. "ಮಾಸ್ತರ, ನೀವ್ ಹೇಳ್ರಿ. ಒಂದೋ ಎರಡೋ?" ನನ್ನ ಕಿವಿಯಲ್ಲಿ ಆ ಸದ್ದು ಇನ್ನೂ ಇತ್ತು. ಉದ್ದಕ್ಕೆ ಶುರುವಾಗಿ, ನಡುವೆ ಉಸಿರು ತಡೆದು, ಮತ್ತೆ ಕೊಂಚ ಹೊರಟು ನಿಂತಿತ್ತು. ಅದನ್ನು ಒಂದು ಎನ್ನಲೇ, ಎರಡು ಎನ್ನಲೇ? ಅಳತೆಯಲ್ಲಿ ಸುಳ್ಳು ಹೇಳಬಾರದೆಂದು ಕಲಿತವನಾದ್ದರಿಂದ, "ಒಂದೂವರೆ" ಎಂದೆ.

ಆ ಹೆದರಿಕೆಯ ನಡುವೆಯೂ ಇಡೀ ಸ್ಟ್ಯಾಂಡು ನಕ್ಕಿತು. ಅಂದಿನಿಂದ ಆ ದಾರಿಯಲ್ಲಿ ನನ್ನ ಹೆಸರು ಒಂದೂವರೆ ಮಾಸ್ತರ. ಕಾಲೇಜಿಗೂ ಸುದ್ದಿ ನನಗಿಂತ ಮುಂಚೆ ತಲುಪಿತು. ನಾನು ತರಗತಿಗೆ ಕಾಲಿಟ್ಟರೆ ಹಿಂದಿನ ಬೆಂಚಿನಿಂದ ಸೀಟಿ ಬರುತ್ತಿತ್ತು, ಸರಿಯಾಗಿ ಒಂದೂವರೆ. ನಾನು ಸಿಟ್ಟಾಗಲಿಲ್ಲ. ನಿಜ ಹೇಳಬೇಕೆಂದರೆ ಅದನ್ನು ಗಮನವಿಟ್ಟು ಕೇಳುತ್ತಿದ್ದೆ: ಹೀಗಿತ್ತೇ? ಇದಕ್ಕಿಂತ ಕೊಂಚ ಉದ್ದವಿತ್ತೇ? ಕರಿಹಲಗೆಗೆ ಮುಖ ಮಾಡಿ ಸೂತ್ರ ಬರೆಯುತ್ತಿದ್ದರೆ ಬೆನ್ನ ಹಿಂದೆ ಲಾರಿ ಬಂದು ನಿಲ್ಲುತ್ತಿತ್ತು. ನಾನು ಹೊರಳಿ ನೋಡುತ್ತಿದ್ದೆ. ಹುಡುಗರು ತಾವೇನೋ ಮಾಡಿ ಸಿಕ್ಕಿಬಿದ್ದೆವೆಂದು ಸುಮ್ಮನಾಗುತ್ತಿದ್ದರು. ನನ್ನ ಶಿಸ್ತಿನ ಬಗ್ಗೆ ಪ್ರಾಂಶುಪಾಲರಿಗೆ ಒಳ್ಳೆಯ ಅಭಿಪ್ರಾಯ ಬಂದದ್ದು ಆಗಲೇ.

ಮಾಮಾರಿಗೆ ಏನಾಯಿತು ಎನ್ನುವುದೇ ಕೆಲವು ಕಾಲ ತಿಳಿಯಲಿಲ್ಲ. ಮಲಗಿದಲ್ಲಿ ಮಗ್ಗುಲು ಬದಲಿಸಿದರೆ ಮನೆ ಸುತ್ತುತ್ತಿತ್ತು. ಹಲಗೆಯ ಮೇಲಿನ ಡಬ್ಬಿ ತೆಗೆಯಲು ತಲೆ ಎತ್ತಿದರೆ ಡಬ್ಬಿ, ಹಲಗೆ, ಗೋಡೆ ಒಟ್ಟಿಗೆ ಮೆರವಣಿಗೆ ಹೊರಡುತ್ತಿದ್ದವು. ಅರೆಗಳಿಗೆಯಲ್ಲಿ ಎಲ್ಲ ತಂತಮ್ಮ ಜಾಗಕ್ಕೆ ಬಂದು ಏನೂ ಆಗದವರಂತೆ ನಿಲ್ಲುತ್ತಿದ್ದವು. ಪಿತ್ತ ಎಂದು ಒಬ್ಬರು ನಿಂಬೆಹಣ್ಣು ಹಿಂಡಿದರು; ನಿಶ್ಶಕ್ತಿ ಎಂದು ಒಬ್ಬರು ಸೂಜಿ ಚುಚ್ಚಿದರು; ದೃಷ್ಟಿ ಎಂದು ಅಕ್ಕ ಮೆಣಸಿನಕಾಯಿ ಸುಟ್ಟಳು. ಎಲ್ಲದಕ್ಕಿಂತ ತೊಡಕು ಮಾಡಿದ್ದು ನಮ್ಮ ಭಾಷೆ. ನಮ್ಮ ಕಡೆ ತಲೆ ಸುತ್ತಿದರೂ ಚಕ್ಕರ, ಹೋಗಿ ಬಂದರೂ ಚಕ್ಕರ. ಅಕ್ಕ ಬಾಗಿಲಲ್ಲಿ ನಿಂತು, "ಇವರಿಗೆ ದಿನಾ ನಾಕೈದು ಚಕ್ಕರ ಆಗಾಕತ್ತಾವ" ಎಂದರೆ ಪಕ್ಕದ ಮನೆಯಾಕೆ, "ಓವರ್‌ಟೈಮ್ ಕೊಡ್ತಾರಿಲ್ಲ ಮತ್ತ?" ಎಂದು ಕೇಳಿದಳಂತೆ.

ಲಿಂಗಸುಗೂರಿಗೆ ಹೊಸದಾಗಿ ಬಂದಿದ್ದ ಕಿವಿಯ ಡಾಕ್ಟರೊಬ್ಬರ ವಿಷಯ ನಮ್ಮ ಕಾಲೇಜಿನಲ್ಲಿ ಯಾರೋ ಹೇಳಿದರು. ಸುತ್ತುವುದು ತಲೆ, ತೋರಿಸುವುದು ಕಿವಿಯನ್ನೇ? ಎಂದು ಮಾಮಾ ಒಪ್ಪಲಿಲ್ಲ. ಅಕ್ಕ ನಾನು ಕೂಡಿ ಎಳೆದುಕೊಂಡು ಹೋದೆವು. ಡಾಕ್ಟರು ತೆಳ್ಳಗಿದ್ದರು, ಕಡಿಮೆ ಮಾತಿನವರು. ಮಾಮಾರನ್ನು ಮೇಜಿನ ಮೇಲೆ ಕೂಡಿಸಿ, ತಲೆಯನ್ನು ಒಂದು ಮಗ್ಗುಲಿಗೆ ಹೊರಳಿಸಿ ಹಿಡಿದು, ಸಟ್ಟನೆ ಹಿಂದಕ್ಕೆ ಮಲಗಿಸಿದರು. ತಲೆ ಮೇಜಿನ ಅಂಚಿನಾಚೆ ಜೋತುಬಿತ್ತು. ಮಾಮಾರ ಕಣ್ಣುಗುಡ್ಡೆಗಳು ತಮ್ಮಷ್ಟಕ್ಕೆ ತಾವೇ ಹೊಯ್ದಾಡತೊಡಗಿದವು. "ಹೋಲ್ಡಾನ್! ಹೋಲ್ಡಾನ್!" ಎಂದು ಅವರು ಕಿರುಚಿದರು. ಡಾಕ್ಟರು ಬಿಡಲಿಲ್ಲ. ಸುತ್ತು ನಿಲ್ಲುವವರೆಗೆ ಕಾದು, ತಲೆಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ, ಮೈಯನ್ನೂ ಅದರ ಹಿಂದೆ ಹೊರಳಿಸಿ, ಸ್ವಲ್ಪ ಹೊತ್ತು ಹಾಗೇ ಇಟ್ಟು, ಮೆಲ್ಲಗೆ ಎಬ್ಬಿಸಿ ಕೂಡಿಸಿದರು. ಅಷ್ಟೇ. ಔಷಧಿ ಇಲ್ಲ, ಕೊಯ್ಯುವುದಿಲ್ಲ. "ಕಿವಿಯ ಒಳಗಡೆ ಸಣ್ಣ ಸಣ್ಣ ಹರಳು ಇರ್ತಾವ. ಅವು ಜಾಗಾ ಬಿಟ್ಟು ಬ್ಯಾರೆ ಕಡೆ ಜಾರಿದ್ವು. ತಿರುಗಿ ಜಾಗಾಕ್ಕ ಕಳಿಸೀನಿ" ಎಂದರು.

ಅಕ್ಕ ತನ್ನ ಕಿವಿಯೋಲೆ ಮುಟ್ಟಿಕೊಂಡಳು. "ಇವರ ಕಿವ್ಯಾಗ ಯಾರು ಹರಳು ಹಾಕಸ್ಯಾರ್ರೀ? ನನ್ನ ಓಲೀದು ಕೆಂಪು ಹರಳು ಬಿದ್ದು ವರ್ಷಾತು. ಹಾಕಸ್ರಿ ಅಂದ್ರ ಹಾಕಸವಲ್ರು."

ಡಾಕ್ಟರು ನಕ್ಕರು. ಮಾಮಾ ನಗಲಿಲ್ಲ; ಪೂರ್ತಿ ಎದ್ದು ಕೂತ ಮೇಲೂ ಮೇಜಿನ ಅಂಚು ಬಿಟ್ಟಿರಲಿಲ್ಲ. ನನಗೋ ತಲೆಯೊಳಗೆ ಇನ್ನೊಂದೇ ಯೋಚನೆ. ನಾವು ದಿನಾ ಹಾದುಹೋಗುವ ಮಸ್ಕಿಯಲ್ಲಿ ಅಶೋಕನ ಕಾಲದ ಬರಹ ಹೊತ್ತ ಬಂಡೆಯಿದೆ. ಎಷ್ಟು ರಾಜ್ಯಗಳು ಬಿದ್ದರೂ ಅದು ಕೂತ ಜಾಗ ಬಿಟ್ಟಿಲ್ಲ. ಅದನ್ನು ನೋಡಲು ದೂರದಿಂದ ಪಂಡಿತರು ಬರುತ್ತಾರೆ. ಸಾಸಿವೆಗಿಂತ ಸಣ್ಣ ಹರಳೊಂದು ಇತ್ತ ಕಡೆಯಿಂದ ಅತ್ತ ಸರಿದರೆ ಮಾತ್ರ ಮನುಷ್ಯನ ಲೋಕವೇ ಬುಗುರಿಯಾಗುತ್ತದೆ; ಅದನ್ನು ನೋಡಲು ಯಾರೂ ಬರುವುದಿಲ್ಲ.

ಹೊರಡುವಾಗ ಡಾಕ್ಟರು, "ಒಂದೆರಡು ದಿನ ತಲಿ ಬಗ್ಗಸಬ್ಯಾಡ್ರಿ, ಮ್ಯಾಲೆತ್ತಬ್ಯಾಡ್ರಿ, ದಿಂಬು ಎತ್ತರ ಇಟ್ಕೊಂಡು ಮಲಗ್ರಿ. ಆಮ್ಯಾಲೆ ಎಂದಿನಂಗ ಇರ್ರಿ" ಎಂದಿದ್ದರು. ಮಾಮಾ ಇದರಲ್ಲಿ ಮೊದಲ ಮಾತನ್ನಷ್ಟೇ ಮನೆಗೆ ತಂದರು. ಸುತ್ತುವುದು ನಿಂತೇ ಹೋಗಿತ್ತು. ಮಲಗಿದರೆ ಮನೆ ಅಲ್ಲಾಡುತ್ತಿರಲಿಲ್ಲ. ಆದರೆ ಅವರು ಕತ್ತು ಹೊರಳಿಸುವುದನ್ನೇ ಬಿಟ್ಟರು. ಹರಳು ಮತ್ತೆ ಜಾರೀತೆಂಬ ಭಯ. ತುಂಬಿದ ಕೊಡ ತಲೆಯ ಮೇಲಿದ್ದವರಂತೆ, ಕಣ್ಣು ನೇರ, ಗದ್ದ ನೇರ, ಪಾದ ಅಗಲ. ನೆಲ ಮೆತ್ತಗಿದೆ, ಹತ್ತಿಯ ಮೂಟೆಯ ಮೇಲೆ ನಡೆದಂತಾಗುತ್ತದೆ ಎನ್ನುತ್ತಿದ್ದರು. ಯಾರಾದರೂ ಬಗಲಿನಿಂದ ಕರೆದರೆ ತಲೆಯನ್ನಲ್ಲ, ಇಡೀ ಮೈಯನ್ನೇ ಹೊರಳಿಸಬೇಕು. ಅಷ್ಟು ಕಷ್ಟ ಯಾಕೆಂದು ಹೊರಳುತ್ತಲೇ ಇರಲಿಲ್ಲ. ದಿನಕ್ಕೆ ನೂರು ಜನರಿಗೆ ಶರಣು ಹೇಳುತ್ತಿದ್ದ ಮನುಷ್ಯ ಈಗ ಪೇಟೆಯಲ್ಲಿ ಯಾರ ಮುಖವನ್ನೂ ನೋಡದೆ ಹೋಗುತ್ತಾನೆ. ಜನ ಸುಮ್ಮನಿರುತ್ತಾರೆಯೇ? ರಜಾ ಹಾಕಿ ಮನೆಯಲ್ಲಿ ಕೂತು ಕೊಬ್ಬಿದ್ದಾನೆ ಎಂದರು. "ಕಂಡಕ್ಟರಗ ತಲಿ ತಿರುಗೇತಿ" ಎಂದರು. ತಲೆ ನಿಜವಾಗಿ ತಿರುಗುತ್ತಿದ್ದಾಗ ಯಾರೂ ನಂಬಿರಲಿಲ್ಲ. ಅದು ಯಾವ ಕಡೆಗೂ ತಿರುಗದೆ ನಿಂತಾಗ ಊರಿಗೆ ಊರೇ ಸಾಕ್ಷಿ ನುಡಿಯಿತು.

ಡಿಪೋದಿಂದ ಹೇಳಿಕಳಿಸಿದರು. ಅಲ್ಲಿನ ಸಾಹೇಬರು ಒಳ್ಳೆಯ ಮಾತನ್ನೇ ಆಡಿದ್ದರು: ಗಾಡಿಯ ಮೇಲೆ ಆಗದಿದ್ದರೆ ಬೇಡ, ಬಸ್‌ಸ್ಟ್ಯಾಂಡಿನ ಕಿಟಕಿಯಲ್ಲಿ ಕುರ್ಚಿ ಇದೆ, ಮೈಕಿನಲ್ಲಿ ಊರುಗಳ ಹೆಸರು ಕೂಗಿಕೊಂಡು ಇರಬಹುದು. ಅಕ್ಕನಿಗೆ ಹಾಯೆನಿಸಿತು. ಫ್ಯಾನಿನ ಕೆಳಗಿನ ಕೆಲಸ. ಮಾಮಾ ಮಾತ್ರ ಊಟ ಬಿಟ್ಟರು.

"ಬಸ್ ಹೋಗೂದನ್ನ ನೋಡಿಕೋತ ಕುಂದ್ರಬೇಕೇನು? ಅದಕಿಂತ ಆ ಏಣಿಯಿಂದ ಬಿದ್ದಿದ್ರ ಚಲೋ ಇತ್ತು."

"ಬಾಯಾಗ ಅಂಥ ಮಾತು ಬ್ಯಾಡ" ಎಂದಳು ಅಕ್ಕ. "ಏಳ್ರಿ ಹಂಗಾರ, ಬಸ್ ಹತ್ರಿ. ಅದೂ ಆಗವಲ್ದು, ಇದೂ ಆಗವಲ್ದು."

ಅವರಿಗೆ ಬಸ್ಸು ಹತ್ತಲು ಕಾಲಿನ ಭಯಕ್ಕಿಂತ ದೊಡ್ಡದೊಂದು ಅಡ್ಡಬಂದಿತ್ತು. ಒಂದು ಸಂಜೆ ನನ್ನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಕೇಳಿದರು.

"ಶರಣ, ಖರೇ ಹೇಳು. ಒಂದ ಊದಿದ್ನೋ, ಎರಡೋ?"

"ಹೇಳೀನಲ್ರೀ ಮಾಮಾ. ಒಂದೂವರಿ."

"ಹಾಸ್ಯ ಬ್ಯಾಡಲೇ. ನಾ ಒಂದ ಊದಬೇಕಂತ ಊದೀನಿ. ಎರಡ ಆಗಿದ್ರ, ನನ್ನ ಬಾಯಿ ನನ್ನ ಮಾತು ಕೇಳಿಲ್ಲ ಅಂದಂಗಾತು. ನಾಳೆ ಒಬ್ಬಾಕಿ ಕೂಸು ಎತ್ತಿಕೊಂಡು ಇಳಿಯಾಕತ್ತಿರತಾಳ. ನಾ ನಿಲ್ಲಸಾಕಂತ ಊದ್ತೀನಿ. ಅದು ಎರಡಾತು ಅಂತ ತಿಳಿ..." ಮುಖವನ್ನು ಆ ಕಡೆ ತಿರುಗಿಸಿಕೊಳ್ಳಬೇಕೆಂದಿತ್ತೋ ಏನೋ; ತಿರುಗಿಸಲಿಲ್ಲ.

ನಾನು ಹಾಸ್ಯ ಮಾಡಿರಲಿಲ್ಲ. ಒಂದು ಎಂದುಬಿಟ್ಟಿದ್ದರೆ ಅವರಿಗೆ ಧೈರ್ಯ ಬರುತ್ತಿತ್ತು ಎಂದು ನೀವು ಹೇಳಬಹುದು. ನಾನೂ ಹಾಗೆಯೇ ಯೋಚಿಸಿದೆ. ಆದರೆ ಒಂದು ಎಂದರೆ ಹುಸೇನಸಾಬರು ಕಂಡಕ್ಟರನ ಜೀವದೊಂದಿಗೆ ಆಟವಾಡಿದ ಡ್ರೈವರಾಗುತ್ತಾರೆ. ಅವರಾದರೋ ವಾರವಾರ ಬಾಳೆಹಣ್ಣು ಹಿಡಿದುಕೊಂಡು ಬಂದು, "ಎರಡ ಊದೀಯೋ ದೋಸ್ತ, ಆದ್ರ ತಪ್ಪು ನಂದ, ಕನ್ನಡಿಯಾಗ ನೋಡಬೇಕಿತ್ತು" ಎಂದು ಕಣ್ಣಲ್ಲಿ ನೀರು ತಂದುಕೊಳ್ಳುವವರು. ಒಂದು ಎಂದರೆ ಹುಸೇನಸಾಬರು ಬೀಳುತ್ತಾರೆ, ಎರಡು ಎಂದರೆ ಮಾಮಾ. ನಾನು ನಡುವೆ ತಕ್ಕಡಿಯ ಮುಳ್ಳಿನಂತೆ ಅಲ್ಲಾಡುತ್ತ, ದಿನಕ್ಕೆ ಹತ್ತು ಸಲ ಆ ಸೀಟಿಯನ್ನು ಮನಸ್ಸಿನಲ್ಲೇ ಊದಿ ಕೇಳುತ್ತಿದ್ದೆ. ಕೇಳಿದಷ್ಟೂ ಅದು ಮಸುಕಾಯಿತು. ಕೊನೆಗೆ ನಾನೇ ಏಣಿಯ ಮೇಲಿದ್ದೆನೋ, ಕೆಳಗಿದ್ದೆನೋ ಎನ್ನುವುದೂ ಅನುಮಾನಕ್ಕೆ ಬಂತು.

ಮತ್ತೆ ಅದೇ ಡಾಕ್ಟರ ಹತ್ತಿರ ಹೋದೆವು. ಅವರು ಮಾಮಾರನ್ನು ಮಲಗಿಸಿ ನೋಡಿದರು, ಕಣ್ಣು ಹೊಯ್ದಾಡಲಿಲ್ಲ. "ಹರಳು ಜಾಗಾದಾಗ ಅವ. ಈಗ ನೀವು ಜಾಗಾದಾಗ ಇಲ್ಲ" ಎಂದರು. ಕತ್ತು ಬಿಗಿಹಿಡಿದಷ್ಟೂ ನಡಿಗೆ ಹಳಿಗೆ ಬರುವುದಿಲ್ಲವಂತೆ. ಕಣ್ಣು, ಕಿವಿ, ಪಾದ ಮೂರೂ ಒಂದಕ್ಕೊಂದು ಸುದ್ದಿ ಕೊಟ್ಟುಕೊಂಡು ಮನುಷ್ಯನನ್ನು ನಿಲ್ಲಿಸುತ್ತವೆ. ಒಂದು ಸಲ ಕಿವಿ ತಪ್ಪು ಸುದ್ದಿ ಕೊಟ್ಟಿತೆಂದು ಉಳಿದವು ಈಗ ಅದನ್ನು ನಂಬುತ್ತಿಲ್ಲ. ನಂಬಿಕೆ ಬರಬೇಕೆಂದರೆ ನಡೆಯಬೇಕು. ನಡೆಯುತ್ತಾ ಎಡಕ್ಕೆ ನೋಡಬೇಕು, ಬಲಕ್ಕೆ ನೋಡಬೇಕು, ಮೇಲೆ ಕೆಳಗೆ ನೋಡಬೇಕು. ತುಸು ತೂರಾಡಿದರೆ ತೂರಾಡಲಿ.

ಹೀಗೆ ನಮ್ಮ ನಡಿಗೆಯ ಪಾಠ ಶುರುವಾಯಿತು. ಕಾಲುವೆಯ ಪಕ್ಕದ ಮಣ್ಣಿನ ದಾರಿಯಲ್ಲಿ ಮಾಮಾ ಮುಂದೆ, ನಾನು ಹಿಂದೆ. ಅವರು ಎಡಕ್ಕೆ ತಿರುಗಿ ಗದ್ದೆ ನೋಡಬೇಕು, ಬಲಕ್ಕೆ ತಿರುಗಿ ನೀರು ನೋಡಬೇಕು. ನೀರಿನ ಕಡೆ ತಿರುಗಿದಾಗಲೆಲ್ಲ ನಾನು ಒಂದು ಹೆಜ್ಜೆ ಮುಂದೆ ಬರುತ್ತಿದ್ದೆ. ಕೋಳಿ ಹಿಡಿಯಲು ಹೊರಟವನಂತೆ ಎರಡೂ ಕೈ ಅಗಲಿಸಿಕೊಂಡು ಅವರ ಬೆನ್ನಿಗೇ ನಡೆಯುತ್ತಿದ್ದೆ. ದಢೇಸುಗೂರಿನ ಕಡೆಯಿಂದ ನಾಟಿಗೆ ಬಂದ ಹೆಂಗಸರು ಬದುವಿನ ಮೇಲೆ ಸೊಂಟ ನೆಟ್ಟಗೆ ಮಾಡಿಕೊಂಡು ನಿಂತು, "ಇಬ್ಬರಾಗ ಬ್ಯಾನಿ ಯಾರಿಗೈತ್ರೀ ಯಪ್ಪಾ?" ಎಂದು ಕೇಳಿದರು. ಮಾಮಾ ಇಡೀ ಮೈ ಹೊರಳಿಸಿ ನನ್ನನ್ನು ನೋಡಿದರು. "ನೀ ದೂರ ನಡಿಯಲೇ. ನಿನ್ನ ಉಸರು ಬಡದ ನಾ ಬೀಳತೀನಿ" ಎಂದರು. ದೂರ ನಡೆದೆ. ಆದರೆ ಕೈ ಇಳಿಸಲಾಗಲಿಲ್ಲ.

ಮಳೆ ಕಳೆದು ಸುಗ್ಗಿ ಹತ್ತಿರ ಬರುವ ಹೊತ್ತಿಗೆ ನೆಲದ ಮೇಲಿನ ನಡಿಗೆ ಸುಮಾರಾಗಿ ಹಳಿಗೆ ಬಂತು. ಕತ್ತು ಕೂಡ ಅರ್ಧಂಬರ್ಧ ಹೊರಳುತ್ತಿತ್ತು. ಉಳಿದದ್ದು ಓಡುವ ಬಸ್ಸು. ಇಲ್ಲಿ ನನ್ನ ಓದು ಕೆಲಸಕ್ಕೆ ಬಂತು. ಗದ್ದಲವಿಲ್ಲದ, ಅಡ್ಡಿಯಿಲ್ಲದ ಜಾಗದಲ್ಲಿ ಪ್ರಯೋಗ ಮಾಡಬೇಕೆಂದು ಲೆಕ್ಕ ಹಾಕಿ, ಕಾಲೇಜಿಗೆ ರಜೆಯಿದ್ದ ದಿನ ಮಧ್ಯಾಹ್ನದ ಬಸ್ಸನ್ನು ಆರಿಸಿದೆ. ಆ ಹೊತ್ತಿನಲ್ಲಿ ಲಿಂಗಸುಗೂರಿಗೆ ಹೋಗುವವರೇ ಇರುವುದಿಲ್ಲ. ಡ್ರೈವರ್ ಹುಸೇನಸಾಬರೇ. ಕಂಡಕ್ಟರ್ ಹೊಸಬ, ಮಾಮಾರ ಜಾಗಕ್ಕೆ ಬಂದಿದ್ದ ಮೀಸೆ ಚಿಗುರುತ್ತಿದ್ದ ಹುಡುಗ. ಮಸ್ಕಿ ದಾಟಿದ ಮೇಲೆ ಮಾಮಾ ಎದ್ದರು.

ಉದ್ದಕ್ಕೆ ಖಾಲಿ ದಾರಿ. ಎರಡೂ ಬದಿ ಖಾಲಿ ಸೀಟು. ಅವರು ಎರಡು ಹೆಜ್ಜೆ ಇಟ್ಟರು. ಬಸ್ಸು ಒಂದು ತಗ್ಗಿಗೆ ಇಳಿದು ಎದ್ದಿತು. ಮಾಮಾ ಎರಡೂ ಕೈಯಿಂದ ಮೇಲಿನ ಸರಳು ಹಿಡಿದು ಅಲ್ಲೇ ಜೋತುಬಿದ್ದರು. ಆ ಹಿಡಿತವನ್ನು ನಾನು ಕಂಡಿದ್ದೆ. ಏಣಿಯ ಮೇಲೆ ಇದ್ದದ್ದು ಅದೇ ಹಿಡಿತ.

"ಮತ್ತ ಚಕ್ಕರ ಬಂತೇನ್ರೀ?"

"ಇಲ್ಲ. ಏನೂ ಸುತ್ತವಲ್ದು" ಎಂದರು. "ಆದ್ರ ಎಲ್ಲಾ ಖಾಲಿ ಐತಲ್ಲೋ."

ಅದಕ್ಕೆ ಅರ್ಥವೇನೆಂದು ಆಗ ನನಗೆ ತಿಳಿಯಲಿಲ್ಲ. ಕೂಡಿಸಿದೆ. ಲಿಂಗಸುಗೂರಿನಲ್ಲಿ ಚಹಾ ಕುಡಿಯುವಾಗ ಅವರು, "ನಾಳೆ ಡಿಪೋಕ್ಕ ಹೋಗಿ ಕುರ್ಚಿ ಒಪ್ಪಿಗಿ ಅಂತ ಹೇಳಿ ಬರ್ತೀನಿ. ನಿಮ್ಮಕ್ಕಗ ನೀನ ಹೇಳು" ಎಂದರು. ನಾನು ಬೇಡವೆನ್ನಲಿಲ್ಲ. ನಾಚಿಕೆಯ ಮಾತೆಂದರೆ, ನನ್ನೊಳಗೊಂದು ಮೂಲೆಗೆ ಸಮಾಧಾನವೇ ಆಯಿತು. ಕುರ್ಚಿಯಿಂದ ಯಾರೂ ಲಾರಿಯ ಮುಂದೆ ಬೀಳುವುದಿಲ್ಲ.

ಮರಳಿ ಬರುವಾಗ ಅದೇ ಬಸ್ಸಿಗೆ ಜನ ಮುಗಿಬಿದ್ದರು. ಸಂತೆ ಮುಗಿದಿತ್ತು. ಬುಟ್ಟಿ, ಚೀಲ, ಕಾಲು ಕಟ್ಟಿದ ಕೋಳಿ, ಕೊಡಲಿಯ ಕಾವು, ಕೂಸು. ಹುಸೇನಸಾಬರು ತಮ್ಮ ಬಾಗಿಲಿನಿಂದಲೇ ಮಾಮಾರನ್ನು ಹತ್ತಿಸಿಕೊಂಡು ಪಕ್ಕದ ಇಂಜಿನ್ ಮೇಲೆ ಕೂಡಿಸಿಕೊಂಡರು. ನಾನು ಹಿಂದಿನ ಬಾಗಿಲಿನಲ್ಲಿ ಕೊನೆಯ ಮೆಟ್ಟಿಲಿಗೆ ಸಿಕ್ಕೆ. ಮುಖ ಹೊರಗೆ, ಬೆನ್ನು ಒಳಗೆ, ಎರಡೂ ಕೈ ಕಂಬಿಗೆ. ಹೊರಳುವುದಕ್ಕೂ ಜಾಗವಿಲ್ಲ. ಹೊಸ ಕಂಡಕ್ಟರ್ ಒಳಗೆಲ್ಲೋ ಬೆವರುತ್ತ ಸಿಕ್ಕಿಕೊಂಡಿದ್ದ. ಅವನ ಪೆಟ್ಟಿಗೆ ಮಾತ್ರ ಮಂದಿಯ ತಲೆಯ ಮೇಲೆ ತೇಲುತ್ತಿತ್ತು.

ಬಹಳ ದೂರ ಹೋಗಿರಲಿಲ್ಲ. ಮುಂದುಗಡೆಯಿಂದ ಒಬ್ಬ ಮುದುಕಿಯ ದನಿ ಎದ್ದಿತು. "ಯಪ್ಪಾ, ನಮ್ಮೂರ ಬಂತೋ! ನಾ ಹ್ಯಾಂಗ ಇಳೀಲೋ? ಬಾಗಲಾ ಎಲ್ಲೈತೋ?"

"ಇಲ್ಲೇ ಕಿಡಕ್ಯಾಗ ಹಾರ್ಬೇ ಮುದುಕಿ" ಎಂದು ಯಾರೋ ಅಂದರು. ಮಂದಿ ನಕ್ಕರು. ಮುದುಕಿ ಅಳು ತೆಗೆದಳು.

ಆಮೇಲೆ ಕೇಳಿಸಿದ್ದು ನನಗೆ ಚೆನ್ನಾಗಿ ಗೊತ್ತಿದ್ದ ದನಿ. ತಿಂಗಳುಗಳಿಂದ ಅಷ್ಟು ದೊಡ್ಡದಾಗಿ ಅದನ್ನು ಕೇಳಿರಲಿಲ್ಲ.

"ಯಾರಲೇ ಅದು, ಹಡದವ್ವನ ವಯಸ್ಸಿನಾಕಿಗೆ ಕಿಡಕಿ ತೋರಸಾಂವ? ಏಳವ್ವ, ನನ್ನ ಅಂಗಿ ಹಿಡಕೊಂಡು ಬಾ. ಸರೀರಿ. ಏ ಕೋಳಿಯವ್ವ, ಕೋಳಿ ಮ್ಯಾಲೆತ್ತು. ಸಾಹುಕಾರ, ಆ ಚೀಲ ತೊಡಿ ಮ್ಯಾಲೆ ಇಟಗೋರಿ, ಹೆಂಡತಿ ಏನೂ ಅನ್ನಂಗಿಲ್ಲ."

ಬಸ್ಸು ಓಡುತ್ತಲೇ ಇತ್ತು. ತಗ್ಗಿಗೆ ಇಳಿಯಿತು, ಎದ್ದಿತು, ಎಮ್ಮೆಯೊಂದನ್ನು ತಪ್ಪಿಸಲು ಮಗ್ಗುಲಿಗೆ ವಾಲಿತು. ಬಿದ್ದ ಸದ್ದಿಗಾಗಿ ಕಾದೆ. ದನಿ ಕಡಿಯಲಿಲ್ಲ. ಎಡಗಡೆಯವರನ್ನು ಬೈದು, ಬಲಗಡೆಯವರನ್ನು ಮಾತಾಡಿಸಿ, ಯಾರದೋ ಮಗಳ ಬಾಣಂತನ ಕೇಳಿ, ಅದು ಒಂದೊಂದೇ ಸೀಟು ದಾಟಿ ನನ್ನ ಕಡೆ ಬರುತ್ತಿತ್ತು. "ಶರಣ್ರೀ ಅಮರೇಶಣ್ಣ", "ಎಲ್ಲಿದ್ರಿ ಇಷ್ಟ ದಿನ?", "ಬಸ್ಸಿಗೆ ಕಳಾನ ಇರಲಿಲ್ಲ ನೋಡ್ರಿ" ಎಂದು ಎರಡೂ ಕಡೆಯಿಂದ ಮಂದಿ ಮಾತಿಗೆಳೆಯುತ್ತಿದ್ದರು. ಅವರಿಗೆಲ್ಲ ಉತ್ತರ ಸಿಗುತ್ತಿತ್ತು ಎಂದರೆ ಕತ್ತು ಎರಡೂ ಕಡೆ ಹೊರಳುತ್ತಿತ್ತು ಎಂದೇ ಅರ್ಥ. ಬೀಳಲು ಜಾಗವಿಲ್ಲದ ಕಡೆ ಮನುಷ್ಯ ಹೇಗೆ ಬಿದ್ದಾನು? ಮೊಣಕೈಗೊಬ್ಬರು, ಸೊಂಟಕ್ಕೊಬ್ಬರು, ಬೆನ್ನಿಗೊಬ್ಬರು. ಏನನ್ನೂ ಹಿಡಿಯದೆ ನಡೆಯುತ್ತಿದ್ದರು ಎಂದು ಆರಂಭದಲ್ಲಿ ನಿಮಗೆ ಹೇಳಿದೆನಲ್ಲ, ಅದು ಕೂತು ನೋಡಿದವನ ಲೆಕ್ಕ. ನಾನು ಅವರಿಗೆಂದು ಹುಡುಕಿ ಹುಡುಕಿ ಖಾಲಿ ಬಸ್ಸು ತಂದಿದ್ದೆ.

ಬಸ್ಸು ನಿಂತಿತು. ಮುದುಕಿಯನ್ನು ಯಾರೋ ನನ್ನ ಪಕ್ಕದಿಂದ ನುಸುಳಿಸಿ ಇಳಿಸಿದರು. ಆಗ ಹಿಂದಿನಿಂದ ಒಂದು ಕೈ ಬಂದು ನನ್ನ ಹೆಗಲ ಮೇಲೆ ಕೂತಿತು. ಪೂರ್ತಿ ಭಾರ ಹಾಕಿ, ನನ್ನ ತಲೆಯ ಮೇಲಿಂದ ಒಂದು ಮೈ ಹೊರಕ್ಕೆ ಬಾಗಿತು. "ಮ್ಯಾಲೆ ಏನರ ಇಟ್ಟೀಯೇನವ್ವ?" ಎಂದಿತು ದನಿ. ಮುದುಕಿ ಬುಟ್ಟಿಯೊಂದಿದೆ ಎಂದಳು. ಮಾಮಾ ಕತ್ತು ಹಿಂದಕ್ಕೆ ಚಾಚಿ ಬಸ್ಸಿನ ಮೇಲ್ಭಾಗವನ್ನು ನೋಡಿದರು. ನಾನು ನೋಡಲಿಲ್ಲ, ಹೆಗಲಿಗೆ ತಿಳಿಯಿತು. ಆ ಕೈ ನಡುಗುತ್ತದೆಯೇ ಎಂದು ಮೈಯೆಲ್ಲ ಕಿವಿಯಾಗಿ ಕಾದೆ. ಅದು ನಡುಗಲಿಲ್ಲ, ಬಿಗಿಯಲೂ ಇಲ್ಲ. ಹೆಗಲ ಮೇಲೆ ಎರಡು ಸಲ ಬೆರಳು ಬಡಿಯಿತು. ದನಿ ಕೆಳಗೆ ನಿಂತ ಯಾರಿಗೋ, "ಏ, ಆ ಮೂಲ್ಯಾಗಿನ ಬುಟ್ಟಿ ಇಳಸ್ರಿ" ಎಂದು ಹೇಳಿತು.

ಅವತ್ತು ಮಸ್ಕಿಯಲ್ಲಿ ಅಪಾಯವನ್ನು ಹತ್ತಿರದಿಂದ ಕಂಡವನು ನಾನೊಬ್ಬನೇ. ಅವರು ವಾಸಿಯಾದದ್ದನ್ನು ಬಸ್ಸಿನಲ್ಲಿದ್ದವರೆಲ್ಲ ನೋಡಿದರು, ನನ್ನೊಬ್ಬನನ್ನು ಬಿಟ್ಟು. ಅಷ್ಟು ತಿಂಗಳು ಅವರನ್ನು ಹಿಡಿಯಲೆಂದು ಎರಡೂ ಕೈ ಅಗಲಿಸಿಕೊಂಡು ಹಿಂದೆ ತಿರುಗಿದ್ದೆ. ಅವರಿಗೆ ಬೇಕಾದದ್ದು ತನ್ನ ಪಾಡಿಗೆ ತಾನು ನಿಂತ ಒಂದು ಹೆಗಲು, ಅದೂ ಅರೆಗಳಿಗೆ. ಯಾರದ್ದಾದರೂ ನಡೆಯುತ್ತಿತ್ತು.

ಯಾರದ್ದೆಂದು ಅವರಿಗೆ ಗೊತ್ತೂ ಇರಲಿಲ್ಲ. ಕೈ ತೆಗೆಯುತ್ತ, "ಯಾರ್ರೀ ಇವರು, ಬಾಗಲದಾಗ ಗೂಟ ಬಡದಂಗ ನಿಂತಾರ? ಮಂದಿ ಇಳಿಯೂದು ಹತ್ತೂದು ಬ್ಯಾಡೇನು? ಒಳಗ ಸರೀರಿ, ಒಳಗ ಬೇಕಾದಷ್ಟು ಜಾಗಾ ಐತಿ" ಎಂದು ಗದರಿಸಿದರು.

ಒಳಗೆ ಸಾಸಿವೆ ಬಿದ್ದರೂ ನೆಲ ಮುಟ್ಟುವಂತಿರಲಿಲ್ಲ. ಆದರೂ ಸರಿದೆ.